ಬಾಯಿ ಹೊಲಿಯದೆ ಕಳಿಸಿದ್ದೇನೆ

ಧಾರವಾಡ
ಶ್ರಾವಣ, ಎರಡನೆಯ ಸೋಮವಾರ

ಪ್ರೀತಿಯ ತಂಗೆವ್ವಾ,

ಡಬ್ಬಿಯನ್ನು ಆಗಲೇ ಬಿಚ್ಚಿರುತ್ತೀ, ನನಗೆ ಗೊತ್ತು. ಮೇಲಿನವು ಉಂಡಿ. ಶೇಂಗಾದ್ದು ಹತ್ತು, ಎಳ್ಳಿನದು ಆರು, ಕಾಗದದ ಪೊಟ್ಟಣದಲ್ಲಿ ಅಳ್ಳಿಟ್ಟು. ಅವನ್ನು ಮೊದಲು ತಾಟಿಗೆ ತೆಗೆದಿಡು. ಕೆಳಗೆ ಅವ್ವನ ಹಳೆಯ ಕರವಸ್ತ್ರದಲ್ಲಿ ಸುತ್ತಿಟ್ಟದ್ದು ಇದೆಯಲ್ಲ, ಅದನ್ನು ಮಾತ್ರ ಈ ಪತ್ರ ಓದಿ ಮುಗಿಸುವವರೆಗೆ ಮುಟ್ಟಬೇಡ. ಅಕ್ಕನ ಈ ಮಾತೊಂದನ್ನು ಕೇಳು.

ಪಂಚಮಿಗೆ ನಿನ್ನ ದಾರಿ ನೋಡಿದೆ. ಹೋದ ವರ್ಷ ಅವ್ವ ಹೋದ ದುಃಖದಲ್ಲಿ ಹಬ್ಬ ಮಾಡಿರಲಿಲ್ಲ. ಈ ಸಲ ಮಾಡಿದೆವು. ಹಿತ್ತಲಿನ ಮಾವಿನ ಟೊಂಗೆಗೆ ಜೋಕಾಲಿ ಕಟ್ಟಿಸಿದೆ. ಓಣಿಯ ಹುಡುಗಿಯರು ಬಂದು ಜೀಕಿದರು, ನಾನು ಹಿತ್ತಲ ಬಾಗಿಲಲ್ಲಿ ಕೂತು ನೋಡಿದೆ. ಅವ್ವ ಇಲ್ಲದ ತವರು ಎಂಥ ತವರು ಅಂತ ನೀನು ಅಂದುಕೊಂಡಿದ್ದರೆ, ನಿನ್ನ ಜೊತೆ ವಾದ ಮಾಡುವ ಧೈರ್ಯ ನನಗಿಲ್ಲ. ಅಕ್ಕ ಇದ್ದಾಳೆ, ಒಲೆ ಹೊತ್ತುತ್ತದೆ, ಅಟ್ಟದ ಕೆಳಗಿನ ಕೋಣೆಯಲ್ಲಿ ನಿನ್ನ ಹಾಸಿಗೆ ಹಾಸಿಯೇ ಇರುತ್ತದೆ. ಇಷ್ಟು ಮಾತ್ರ ಹೇಳುತ್ತೇನೆ.

ಮೊನ್ನೆ ನಿನ್ನ ಮಗಳು ಫೋನು ಮಾಡಿದ್ದಳು. ನಿನಗೆ ಹೇಳಬೇಡ ಅಂದಿದ್ದಳು, ನಾನು ಹೇಳುತ್ತಿದ್ದೇನೆ. ಅವಳ ಮೇಲೆ ಸಿಟ್ಟಾಗಬೇಡ. "ದೊಡ್ಡವ್ವಾ, ಅಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಲೈಟ್ ಹಾಕ್ಕೊಂಡು ಸುಮ್ನೆ ಕೂತಿರ್ತಾಳೆ. ಟಿವಿನೂ ನೋಡಲ್ಲ, ಮೊಬೈಲೂ ನೋಡಲ್ಲ" ಅಂದಳು. ಆ ರಾತ್ರಿ ನನಗೂ ಕಣ್ಣು ಹತ್ತಲಿಲ್ಲ. ನಾನು ಕೇಳಿದರೆ ನೀನು "ಆರಾಮ ಇದೀನಿ ಅಕ್ಕಾ" ಅಂದುಬಿಡುತ್ತೀ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಾಗದ ಹಿಡಿದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಅವ್ವನ ಪೆಟ್ಟಿಗೆ ತೆಗೆದೆ. ತೆಗೆದದ್ದಷ್ಟೇ ಅಲ್ಲ, ಕತ್ತರಿಯನ್ನೂ ಹಾಕಿದೆ.

ಹದಿಮೂರು ದಿನ ಕಳೆದ ಮೇಲೆ ಸೀರೆ ಹಂಚಿಕೊಳ್ಳಲು ಕೂತಾಗ ನೀನು ಮುಚ್ಚಳದ ಮೇಲೆ ಕೈಯಿಟ್ಟು ಹೇಳಿದ್ದೆ: "ಅಕ್ಕಾ, ಅವ್ವನ ಒಂದ ಅರಿವಿಗೂ ಕತ್ತರಿ ತಾಗಬಾರದು. ನಿನ್ನ ಕೈ ನನಗ ಗೊತ್ತೈತಿ." ಆ ಮಾತು ನಾಟಿತು. ಮೂವತ್ತು ವರ್ಷ ಓಣಿಯವರ ಕುಬಸ ಹೊಲಿದು ಮಕ್ಕಳನ್ನು ಓದಿಸಿದ ಕೈ ಇದು. ಆದರೂ ಹ್ಞೂಂ ಅಂದೆ. ನೀನು ಎರಡು ಸೀರೆ ತೆಗೆದುಕೊಂಡು ಬೆಂಗಳೂರಿಗೆ ಹೋದೆ, ಉಳಿದವು ಪೆಟ್ಟಿಗೆಯಲ್ಲೇ ಉಳಿದವು. ಒಂದೂವರೆ ವರ್ಷ ನಾನು ಬೀಗ ಮುಟ್ಟಲಿಲ್ಲ. ಈ ಸಲ ಮಿರಗದ ಮಳೆಗೆ ಮೂಲೆಯ ಹಂಚು ಸರಿದು ಪೆಟ್ಟಿಗೆಯ ಪಕ್ಕಕ್ಕೇ ನೀರಿಳಿಯಿತು. ತೆಗೆಯದೆ ವಿಧಿಯಿರಲಿಲ್ಲ.

ದಾಳಿಂಬೆ ಬಣ್ಣದ ಇಳಕಲ್ಲು ನೆನಪಿದೆಯೇ? ಕೆಂಪು ಸೆರಗು, ಅದರಲ್ಲಿ ಬಿಳಿಯ ತೋಪುತೆನೆ, ಚಿಕ್ಕಿ ದಡಿ. ನಿನ್ನ ಮದುವೆಯಲ್ಲಿ ಒಮ್ಮೆ ಉಟ್ಟಿದ್ದು, ಆಮೇಲೆ "ಚೊಲೋ ದಿನಕ್ಕ ಇರಲಿ" ಅಂತ ಎತ್ತಿಟ್ಟಳು. ಆ ಚೊಲೋ ದಿನ ಬರಲೇ ಇಲ್ಲ. ಬಿಚ್ಚಿ ಹಾಸಿದೆ, ಸೆರಗು ಮಡಿಕೆ ಮಡಿಕೆಗೂ ಸೀಳಿತ್ತು. ನುಸಿ ತಿಂದದ್ದಲ್ಲ, ಇಲಿ ಕಡಿದದ್ದಲ್ಲ. ಒಂದೇ ಮಡಿಕೆಯಲ್ಲಿ ವರ್ಷಾನುಗಟ್ಟಲೆ ಕೂತ ರೇಷ್ಮೆ ಆ ಗೆರೆಗುಂಟ ಮುರಿದುಹೋಗುತ್ತದೆ. ಹತ್ತಿಯ ಮೈ ಗಟ್ಟಿಯಾಗಿತ್ತು. ಇಳಕಲ್ಲಿನ ನೇಕಾರರು ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರಲ್ಲ, ಆ ಜೋಡಣೆ ಒಂದೂ ಬಿಟ್ಟಿರಲಿಲ್ಲ. ನಾವು ಜೋಪಾನವೆಂದು ಮಡಚಿಟ್ಟ ಕಡೆಯೇ ಹರಿದಿತ್ತು. ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತೆ.

ನಿನ್ನ ಹತ್ತಿರ ಇರುವ ಎರಡನ್ನು ಈ ಭಾನುವಾರವೇ ಹೊರಗೆ ತೆಗಿ. ಬಿಸಿಲಿಗೆ ಬೇಡ, ಗಾಳಿಯಾಡುವ ನೆರಳಲ್ಲಿ ಒಂದು ಗಂಟೆ ಹರವು. ಹಳೆಯ ಗೆರೆ ತಪ್ಪಿಸಿ ಬೇರೆ ಅಳತೆಗೆ ಮಡಚಿ ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡು, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸು. ಅದಕ್ಕಿಂತ ಒಳ್ಳೆಯದು, ಉಟ್ಟುಕೋ. "ಅರಿವಿ ಇರೂದು ಮೈಮ್ಯಾಲ, ಪೆಟಗ್ಯಾಗಲ್ಲ" ಅಂತ ನಮಗೆ ಬೈಯುತ್ತಿದ್ದವಳು ಅವ್ವನೇ ಅಲ್ಲವೇ? ತನ್ನ ಸೀರೆಯ ವಿಷಯಕ್ಕೆ ಮಾತ್ರ ಆ ಮಾತನ್ನು ತಾನೇ ಪಾಲಿಸಲಿಲ್ಲ.

ಸೀರೆಗಳ ಅಡಿಯಲ್ಲಿ ಚಿಂದಿಯ ಗಂಟು ಸಿಕ್ಕಿತು. ಮುಂದಿನ ಕೌದಿಗೆಂದು ಅವ್ವ ಕೂಡಿಟ್ಟ ತುಂಡುಗಳು. ಆ ಗಂಟಿನ ನಡುವೆ, ತಂಗೆವ್ವಾ, ನಿನ್ನ ಸೂಜಿದಿಂಬು ಇತ್ತು. ಹಳದಿ ಫ್ರಾಕಿನ ಬಟ್ಟೆಯದು, ಅಂಗೈಯಗಲದ್ದು, ಬಣ್ಣವೆಲ್ಲ ಹೋಗಿ ಹುಣಸೆಹಣ್ಣಿನ ಹಾಗೆ ಕಂದಿದ್ದು. ದರ್ಜಿ ಅಂಗಡಿಯಲ್ಲಿ ಪಿನ್ ಕುಶನ್ ಅನ್ನುವುದಕ್ಕೆ "ಸೂಜೀದು ತೆಲಿದಿಂಬ" ಅಂತ ಹೆಸರಿಟ್ಟವಳು ನೀನೇ.

ಅದು ಹುಟ್ಟಿದ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ನಿನಗಾಗ ಆರು ವರ್ಷ, ನನಗೆ ಹನ್ನೊಂದು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಸೂಜಿಗೊಂದು ಜಾಗ ಅಂತ ಇರಲಿಲ್ಲ. ಅವ್ವನ ಸೆರಗಿನಲ್ಲಿ ಒಂದು, ದಾರದ ಉಂಡೆಯಲ್ಲಿ ಒಂದು, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು. ಕಳೆದರೆ ಮನೆಯವರೆಲ್ಲ ಕಂದೀಲು ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುವುದು. ಆ ಸಂಜೆ ಅವ್ವ ಕೌದಿಗೆ ಟಾಕು ಹಾಕುತ್ತಿದ್ದಳು. ಸೂಜಿ ಕೆಳಗೆ ಜಾರಿತ್ತು, ನೀನು ಜೋಕಾಲಿಗೆ ಅಂತ ಓಡಿಬಂದೆ. ನಿನ್ನ ಅಂಗಾಲಿನಲ್ಲಿ ಸೂಜಿ ಅರ್ಧಕ್ಕೆ ಮುರಿಯಿತು. ಅಪ್ಪ ಊರಲ್ಲಿರಲಿಲ್ಲ. ಸುರಿಯುವ ಮಳೆಯಲ್ಲಿ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅವ್ವ ಆಸ್ಪತ್ರೆಗೆ ನಡೆದೇ ಹೋದಳು, ನಾನು ಹಿಂದೆ ಕೊಡೆ ಹಿಡಿದೆ. ಎಕ್ಸ್‌ರೇ ತೆಗೆದು ಮಾರನೆಯ ದಿನ ಕೊಯ್ದು ತೆಗೆದರು. ನೀನು ಅತ್ತದ್ದು ನಿನಗೆ ನೆನಪಿದೆ. ಅವ್ವ ಅತ್ತದ್ದು ನನಗೆ ಮಾತ್ರ ಗೊತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ದನಿಯಿಲ್ಲದೆ. "ನನ್ನ ಸೂಜಿ, ನನ್ನ ಕೂಸಿನ ಕಾಲಾಗ" ಅಂತ ಅದೊಂದೇ ಮಾತು.

ಅದೇ ವಾರ ಆ ದಿಂಬು ಹೊಲಿದಳು. ನೀನು ಅವತ್ತು ಹಾಕಿದ್ದ ಫ್ರಾಕು ರಕ್ತದ ಕಲೆಗೆ ಕೆಟ್ಟಿತ್ತು, ಅದರ ಒಳ್ಳೆಯ ಭಾಗ ಕತ್ತರಿಸಿ ಮಾಡಿದ್ದು. ಅಂದಿನಿಂದ ನಮ್ಮ ಮನೆಯಲ್ಲಿ ಸೂಜಿ ಕಳೆದದ್ದು ನನಗೆ ನೆನಪಿಲ್ಲ. ರಾತ್ರಿ ದೀಪ ಆರಿಸುವ ಮುಂಚೆ ದಿಂಬನ್ನು ಕೈಗೆ ತೆಗೆದುಕೊಂಡು ತುಟಿ ಅಲ್ಲಾಡಿಸುತ್ತಿದ್ದಳಲ್ಲ, ದೇವರ ಹೆಸರು ಹೇಳುತ್ತಾಳೆ ಅಂತ ನೀನು ನಂಬಿದ್ದೆ. ಅವಳು ಸೂಜಿ ಎಣಿಸುತ್ತಿದ್ದಳು.

ಹೊಲಿಗೆ ಸವೆದು ಒಂದು ಬದಿ ಬಿಟ್ಟಿತ್ತು. ಕಟ್ಟಿಗೆಯ ಹೊಟ್ಟು ತುಂಬಿರಬೇಕು ಅಂದುಕೊಂಡು ಬಿಡಿಸಿದೆ. ಒಳಗಿದ್ದದ್ದು ಕೂದಲು. ಅವ್ವನ ಕೂದಲು, ಕಪ್ಪನೆಯದು. ಬಾಚಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿ ಸಿಕ್ಕಿಸುತ್ತಿದ್ದಳಲ್ಲ, ಅವೇ ಚಿಕ್ಕ ಚಿಕ್ಕ ಸುರುಳಿಗಳು, ಒಂದರ ಮೇಲೊಂದು ಅಮುಕಿ. ಬುಟ್ಟಿ ಹೊತ್ತು ಬರುವವಳು ಕೂದಲಿಗೆ ಹೇರ್‌ಪಿನ್ನು, ಬಲೂನು ಕೊಡುತ್ತಿದ್ದಳು. ಆ ವರ್ಷ ಅವ್ವ ಕೂದಲು ಕೊಡಲಿಲ್ಲ ಅಂತ ನಾವಿಬ್ಬರೂ ಬಲೂನಿಗಾಗಿ ಅತ್ತಿದ್ದು ನೆನಪಾಯಿತು. ಎಲ್ಲಿ ಹೋಯಿತು ಆ ಕೂದಲು ಅಂತ ಈಗ ತಿಳಿಯಿತು.

ಒಳಗೆ ಮುಳುಗಿಹೋದ ಸೂಜಿಗಳೂ ಸಿಕ್ಕವು. ಗಿಡ್ಡ ಸೂಜಿ ಒಂದಿಷ್ಟು ಜೋರಾಗಿ ಚುಚ್ಚಿದರೆ ಕಣ್ಣಿನ ಸಮೇತ ಒಳಗೆ ಹೋಗಿಬಿಡುತ್ತದೆ. ಹನ್ನೊಂದು ಸೂಜಿ, ನಾಲ್ಕು ಗುಂಡುಸೂಜಿ. ಬಟ್ಟೆಯ ಅಂಚಿಗಿದ್ದ ಎರಡಕ್ಕೆ ಮಾತ್ರ ತುಕ್ಕು. ಕೂದಲ ನಡುವೆ ಇದ್ದವು ನಿನ್ನೆ ಅಂಗಡಿಯಿಂದ ತಂದ ಹಾಗೆ ಮಿರಮಿರ ಮಿಂಚುತ್ತಿದ್ದವು. ಬೆವರಿನ ಉಪ್ಪು ಉಕ್ಕಿಗೆ ತುಕ್ಕು ತರುತ್ತದೆ. ತಲೆಗೂದಲಿನ ಜಿಡ್ಡು ಸೂಜಿಗೆ ಸವರಿಕೊಂಡು ಅದನ್ನು ತಡೆಯುತ್ತದೆ. ಅವ್ವನಿಗೆ ಇದನ್ನು ಯಾರು ಹೇಳಿಕೊಟ್ಟರೋ! ನಿನ್ನ ಮಗಳಿಗೆ ಹೇಳಿದೆ, ಅವಳು ಎಲ್ಲಿಂದಲೋ ಓದಿ ತೆಗೆದು ನನಗೆ ತಿಳಿಸಿದಳು: ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಹೆಂಗಸರ ಕನ್ನಡಿಯ ಮುಂದೆ, ಮುಚ್ಚಳದಲ್ಲಿ ತೂತಿರುವ ಸಣ್ಣ ಕರಡಿಗೆ ಇರುತ್ತಿತ್ತಂತೆ. ಬಾಚಿದ ಕೂದಲನ್ನು ಆ ತೂತಿನಿಂದ ಒಳಗೆ ತುರುಕಿ, ಸಾಕಷ್ಟಾದ ಮೇಲೆ ಸೂಜಿದಿಂಬಿಗೆ ತುಂಬುತ್ತಿದ್ದರಂತೆ. ಅಲ್ಲಿಯ ಯಾವಳೋ ಅವ್ವನೂ ನಮ್ಮ ಅವ್ವನೂ ಒಂದೇ ಕೆಲಸ ಮಾಡಿದರು ಅಂತ ಕೇಳಿ ನನಗೆ ಎಂಥದೋ ಸಮಾಧಾನವಾಯಿತು.

ಇನ್ನೊಂದು ಸಿಕ್ಕಿತು. ಕಣ್ಣಿರುವ ಅರ್ಧ ಸೂಜಿ, ತುದಿಯಿಲ್ಲದ್ದು. ಹೊಲಿಯಲು ಬಾರದ ಮುರುಕು ಸೂಜಿಯನ್ನು ಅವ್ವ ಯಾಕೆ ಇಟ್ಟುಕೊಂಡಿದ್ದಳು ಅಂತ ನೀನೇ ಯೋಚನೆ ಮಾಡು.

ಎದುರುಮನೆಯ ಅಜ್ಜಿ ನೋಡಿ, "ಸತ್ತವರ ಕೂದಲಾ ಮನ್ಯಾಗ ಇಟಗೋಬಾರದವ್ವಾ, ಹೊಳಿಗೆ ಬಿಡು" ಅಂದರು. ದೊಡ್ಡವರ ಮಾತು, ಎದುರಾಡಲಿಲ್ಲ. ಎರಡು ದಿನ ಅದನ್ನು ಬಾಳೆಎಲೆಯಲ್ಲಿ ಕಟ್ಟಿ ತುಳಸಿಕಟ್ಟೆಯ ಹತ್ತಿರ ಇಟ್ಟೆ. ಮೂರನೆಯ ದಿನ ತಿರುಗಿ ಒಳಗೆ ತಂದೆ. ಈ ಕೂದಲು ಉದುರಿದಾಗ ಅವ್ವನಿಗೆ ಮೂವತ್ತರ ಮೇಲೆ ಸ್ವಲ್ಪ ವಯಸ್ಸು. ಎಣ್ಣೆ ಹಚ್ಚಿಕೊಂಡು ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ನಮ್ಮಿಬ್ಬರಿಗೆ ಮಗ್ಗಿ ಹೇಳಿಸುತ್ತ ಬಾಚಿಕೊಳ್ಳುತ್ತಿದ್ದವಳು. ಅವಳ ಆ ಮಧ್ಯಾಹ್ನಗಳನ್ನು ನಾನು ಹೇಗೆ ಹೊಳೆಗೆ ಬಿಡಲಿ?

ಹೊಸದೊಂದು ಹೊಲಿಯಬೇಕು, ಇದನ್ನೇ ಅದರೊಳಗೆ ತುಂಬಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಒಂಬತ್ತು ತುಂಡಿನದು, ಸಣ್ಣ ಕೌದಿಯ ಹಾಗೆ.

ಎರಡಿಂಚಿನ ಚೌಕ ಒಂಬತ್ತು. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಅಳತೆ ಕತ್ತರಿಸಿಕೊಂಡು, ಸವೆದ ಸೋಪಿನ ಚೂರಿನಿಂದ ಗೆರೆ ಎಳೆದೆ. ಎಂಟು ತುಂಡು ಅವ್ವನ ಗಂಟಿನವು, ಅವಳೇ ಕತ್ತರಿಸಿಟ್ಟವು. ಅಪ್ಪನ ಗೀರುಗೀರಿನ ಅಂಗಿ, ನಿನ್ನ ಸಾಲೆಯ ನೀಲಿ ಸ್ಕರ್ಟು, ಅವ್ವ ಹೊಲಕ್ಕೆ ಉಡುತ್ತಿದ್ದ ಹಸಿರು ಸೀರೆ, ನನ್ನ ಕುಬಸದ ಶಾಸ್ತ್ರದ ದಿನ ಮಡಿಲಿಗೆ ಹಾಕಿದ ಗುಳೇದಗುಡ್ಡದ ಖಣ. ನಾವಿಬ್ಬರೂ ಒಬ್ಬರಾದ ಮೇಲೊಬ್ಬರು ಹಾಕಿಕೊಂಡ ಕುಂಚಿಗೆಯ ಅಂಚೂ ಇದೆ, ನಿನ್ನ ಮಗಳೂ ಅದನ್ನೇ ಹಾಕಿಕೊಂಡದ್ದು. ಹಳದಿ ಫ್ರಾಕಿನ ಒಳಮಡಿಕೆಯಲ್ಲಿ ಬಣ್ಣ ಇನ್ನೂ ಉಳಿದಿತ್ತು, ಅಲ್ಲಿಂದ ಒಂದು. ಉಳಿದವನ್ನು ನೀನೇ ನೋಡಿ ಗುರುತು ಹಿಡಿ.

ನಡುವಿನ ಒಂಬತ್ತನೆಯದು ಆ ದಾಳಿಂಬೆ ಇಳಕಲ್ಲಿನದು. ಇದಕ್ಕೆ ಕತ್ತರಿ ಹಾಕಿದವಳು ನಾನು. ಸೆರಗು ಸೀಳಿದ ಕಡೆ, ಮೈಗೂ ಸೆರಗಿಗೂ ಕುಣಿಕೆ ಬಿದ್ದ ಜಾಗದಿಂದ ತೆಗೆದೆ. ಅರ್ಧ ಮೈ, ಅರ್ಧ ಸೆರಗು, ನಡುವೆ ಜೋಡಣೆಯ ಗೆರೆ. ಕತ್ತರಿ ಹಿಡಿದಾಗ ನಿನ್ನ ಮಾತು ಕಿವಿಯಲ್ಲೇ ಇತ್ತು. ನಿನಗೆ ಸಿಟ್ಟು ಬಂದರೆ ಬರಲಿ, ಫೋನು ಮಾಡಿ ಬೈ. ಬೈಯುವುದಕ್ಕಾದರೂ ನೀನು ಪೂರ್ತಿ ದನಿ ತೆಗೆಯುತ್ತೀ.

ಕರವಸ್ತ್ರದ ಗಂಟಿನಲ್ಲಿ ನಿನಗೆಂದು, ಇನ್ನೊಂದು ದಿಂಬಿಗೆ, ಇನ್ನೂ ಒಂಬತ್ತು ಚೌಕ ಕತ್ತರಿಸಿ ಇಟ್ಟಿದ್ದೇನೆ. ಎರಡು ಗಂಟೆಗೆ ಎಚ್ಚರವಾಗುತ್ತದಲ್ಲ, ಆ ಹೊತ್ತಿಗೆ. ಮಿಷಿನ್ ಬೇಡ, ಕೈಯಲ್ಲೇ ಹೊಲಿ. ಅಂಚಿನಿಂದ ಕಾಲಿಂಚು ಒಳಗೆ ಗೆರೆ ಹಾಕಿಕೊಂಡು, ಮೂರು ಮೂರನ್ನು ಸಾಲಾಗಿ ಜೋಡಿಸು, ಆಮೇಲೆ ಮೂರು ಸಾಲನ್ನು ಕೂಡಿಸು. ಮೊದಲನೆಯ ಸಾಲಿನ ಒಳ ಅಂಚುಗಳನ್ನು ಎಡಕ್ಕೆ ಇಸ್ತ್ರಿ ಮಾಡು, ಎರಡನೆಯದನ್ನು ಬಲಕ್ಕೆ, ಮೂರನೆಯದನ್ನು ಮತ್ತೆ ಎಡಕ್ಕೆ. ಆಗ ಕೂಡುವ ಕಡೆ ಒಂದರ ಪಕ್ಕ ಒಂದು ಸರಿಯಾಗಿ ಕೂತು ಮೂಲೆಗಳು ತಾಳೆಯಾಗುತ್ತವೆ. ಎಲ್ಲವನ್ನೂ ಒಂದೇ ಕಡೆ ಮಡಚಿದರೆ ನಡುವೆ ಗಂಟು ಗಂಟಾಗಿ ಉಬ್ಬುತ್ತದೆ. ಖಣದ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಆ ಚೌಕಗಳಿಗೆ ಹಿಂದಿನಿಂದ ತೆಳು ಪಂಚೆಯ ತುಂಡು ಕಚ್ಚಾ ಹೊಲಿಗೆಯಲ್ಲಿ ಹಿಡಿಸಿದ್ದೇನೆ. ಕಚ್ಚಾ ದಾರ ಕೊನೆಗೆ ತೆಗೆದರೆ ಆಯಿತು.

ಮುಗಿದಾಗ ಐದಿಂಚಿನ ಚೌಕವಾಗುತ್ತದೆ. ಅದರ ಕೆಳಗೆ ಅಷ್ಟೇ ಅಳತೆಯ ಹಳೆಯ ಟವೆಲಿನ ತುಂಡಿಟ್ಟು, ಎರಡನ್ನೂ ಹಿಡಿದು ಟಾಕು ಹಾಕು. ಜೋಡಣೆಯ ಗೆರೆಗಳ ಪಕ್ಕಕ್ಕೇ, ಜೋಳದ ಕಾಳಿನಷ್ಟು ಅಂತರದಲ್ಲಿ, ಕೌದಿಯ ಹೊಲಿಗೆ. ನಿನಗೆ ಕಸೂತಿ ಬರುತ್ತದೆ, ನನಗೆ ಬರುವುದಿಲ್ಲ. ಅವ್ವ ಎಷ್ಟು ಹೇಳಿದರೂ ಎಳೆ ಎಣಿಸುವ ತಾಳ್ಮೆ ನನಗೆ ಬರಲಿಲ್ಲ. ನಡುವಿನ ಚೌಕದಲ್ಲಿ ಗಾವಂತಿ ಹಾಕು. ಹೋದ ದಾರಿಯಲ್ಲೇ ತಿರುಗಿ ಬಂದು, ಬಿಟ್ಟ ಜಾಗಗಳನ್ನೆಲ್ಲ ತುಂಬಿ, ಗಂಟಿಲ್ಲದೆ ಮುಗಿಸುವ ಹೊಲಿಗೆ ಅದು, ಹಿಂದೆ ನೋಡಿದರೂ ಮುಂದೆ ನೋಡಿದರೂ ಒಂದೇ ಥರ. ನೀನು ಹನ್ನೆರಡು ವರ್ಷದವಳಿದ್ದಾಗ ಹಾಕಿದ ಗೋಪುರ ಅವ್ವನ ಕಪ್ಪು ಚಂದ್ರಕಾಳಿಯ ಮೇಲೆ ಈಗಲೂ ಹಾಗೇ ಇದೆ. ಆ ಕೈ ಮರೆತಿರುವುದಿಲ್ಲ. ಬ್ಯಾಂಕಿನಲ್ಲಿ ದಿನವೆಲ್ಲ ಬೇರೆಯವರ ದುಡ್ಡು ಎಣಿಸುತ್ತೀ, ರಾತ್ರಿ ಹತ್ತು ನಿಮಿಷ ನಿನ್ನ ಎಳೆ ಎಣಿಸು. ಒಂದು ರಾತ್ರಿಗೆ ಒಂದು ಸಾಲಾದರೆ ಸಾಕು. ಕಣ್ಣು ಎಳೆದರೆ ಸೂಜಿ ಚುಚ್ಚಿಟ್ಟು ಮಲಗು.

ಆಮೇಲೆ ಹಿಂಬದಿಯ ಚೌಕವನ್ನು ಮುಖಕ್ಕೆ ಮುಖ ಇಟ್ಟು ಸುತ್ತ ಹೊಲಿದು, ಒಂದು ಬದಿಯ ನಡುವೆ ಒಂದೂವರೆ ಇಂಚು ಬಾಯಿ ಬಿಡು. ಮೂಲೆಯಲ್ಲಿ ಬಿಡಬೇಡ, ಅಂದ ಕೆಡುತ್ತದೆ. ಮೂಲೆಗಳ ಹೆಚ್ಚಿನ ಬಟ್ಟೆ ಕತ್ತರಿಸಿ ತಿರುವಿ ಹಾಕು. ತುಂಬುವಾಗ ಮೊದಲು ನಾಲ್ಕು ಮೂಲೆ, ಆಮೇಲೆ ಹೊಟ್ಟೆ. ಸಾಕು ಅನಿಸಿದ ಮೇಲೂ ಇನ್ನೆರಡು ಹಿಡಿ ತುರುಕು. ಸಡಿಲವಾದರೆ ಸೂಜಿ ಅಡ್ಡ ಬೀಳುತ್ತದೆ, ಗಿಡ್ಡವು ಮುಳುಗುತ್ತವೆ. ಕೊನೆಗೆ ನಡುವೆ ಅಪ್ಪನ ಅಂಗಿಯ ಗುಂಡಿ ಇಟ್ಟು, ಉದ್ದ ಸೂಜಿಯಿಂದ ಮೇಲೆ ಕೆಳಗೆ ನಾಲ್ಕು ಸಲ ಎಳೆದು ಬಿಗಿ. ಕುಳಿ ಬಿದ್ದು ಕುಂಬಳಕಾಯಿಯ ಹಾಗೆ ಮುದ್ದಾಗಿ ಕೂರುತ್ತದೆ.

ನಾನು ಹೊಲಿದದ್ದನ್ನು ತುಂಬುವುದಕ್ಕೆ ಕೂದಲೊಂದೇ ಸಾಲಲಿಲ್ಲ. ಅರಳೆ ಹಾಕಲು ಮನಸ್ಸಾಗಲಿಲ್ಲ, ಅದು ತೇವ ಹೀರುತ್ತದೆ. ಊರ ಹೊರಗೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಹೋಗಿ ಕೇಳಿದ್ದಕ್ಕೆ ಕುರುಬರ ತಾಯಿ ಒಂದು ಮಡಿಲು ಉಣ್ಣೆ ಕೊಟ್ಟಳು, ದುಡ್ಡು ಮುಟ್ಟಲಿಲ್ಲ. ಎರಡು ಉಂಡಿ ಕೊಟ್ಟು ಬಂದೆ. ಕುರಿಯ ಉಣ್ಣೆಗೂ ಅದರದೇ ಜಿಡ್ಡು ಇರುತ್ತದೆ, ಸೂಜಿಗೆ ಅದೂ ಒಳ್ಳೆಯದು. ಉಗುರುಬೆಚ್ಚಗಿನ ನೀರಲ್ಲಿ ಧೂಳು ಹೋಗುವಷ್ಟು ಮಾತ್ರ ಅದ್ದಿ ತೆಗೆದು ಒಣಗಿಸಿದೆ. ಸೋಪು ಹಾಕಿ ತಿಕ್ಕಿದರೆ ಆ ಜಿಡ್ಡೆಲ್ಲ ಹೋಗುತ್ತದೆ. ನನ್ನ ಮಿಷಿನ್ ಪೆಟ್ಟಿಗೆಯಲ್ಲಿ ಅಂಗಡಿಯ ಟೊಮ್ಯಾಟೊ ಥರದ್ದು ಒಂದು ಇದೆಯಲ್ಲ, ಅದಕ್ಕೆ ನೇತುಬಿದ್ದ ಸ್ಟ್ರಾಬೆರಿಯೊಳಗೆ ಗಟ್ಟಿ ಕಲ್ಲಿನ ಸಣ್ಣ ಪುಡಿ ಇರುತ್ತದೆ, ಸೂಜಿ ಚುಚ್ಚಿ ತೆಗೆದರೆ ತುಕ್ಕು ಉಜ್ಜಿ ಹೋಗಿ ಮೊನೆ ಹರಿತವಾಗುತ್ತದೆ. ಅದು ತುಕ್ಕು ಬಂದ ಮೇಲಿನ ಮದ್ದು. ಅವ್ವನದು ತುಕ್ಕು ಬರಗೊಡದ ಜೋಪಾನ.

ಈಗ ಕರವಸ್ತ್ರ ಬಿಚ್ಚು.

ನೋಡಿದೆಯಾ? ಬಾಯಿ ಹೊಲಿಯದೆ ಕಳಿಸಿದ್ದೇನೆ. ಮೂಲೆಗಳಿಗೆ ಉಣ್ಣೆ ತುಂಬಿದೆ, ನಡುವೆ ಜಾಗ ಬಿಟ್ಟಿದ್ದೇನೆ. ಪಕ್ಕದ ಬಿಳಿ ಪೊಟ್ಟಣದಲ್ಲಿರುವುದು ಅವ್ವನ ಕೂದಲು. ಅರ್ಧ ನನಗೆ ಇಟ್ಟುಕೊಂಡೆ, ಅರ್ಧ ನಿನಗೆ. ಈ ಒಂದು ಕೆಲಸವನ್ನು ನಿನ್ನ ಬದಲು ನಾನು ಮಾಡಬಾರದು ಅನಿಸಿತು. ಅವ್ವನ ಕೊನೆಯ ದಿನಗಳಲ್ಲಿ ಎಲ್ಲವನ್ನೂ ನಾನೇ ಮಾಡಿದೆ. ಹತ್ತಿರ ಇದ್ದೆ, ಮಾಡಿದೆ. ಸ್ನಾನ, ಮಾತ್ರೆ, ತಲೆ ಬಾಚುವುದು, ಎಲ್ಲ. ನಿನಗೆ ರಜೆ ಸಿಗಲಿಲ್ಲ, ಬಂದಾಗ ಅವ್ವನಿಗೆ ಮಾತು ನಿಂತಿತ್ತು. ನನ್ನ ಕೈಗೆ ಸಿಕ್ಕದ್ದು ನಿನ್ನ ಕೈಗೆ ಸಿಗಲಿಲ್ಲ. ನೀನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಆ ಮಾತು ಯಾಕೆ ಅಂದೆ ಅಂತ ನನಗೆ ತಿಳಿಯಲು ಒಂದೂವರೆ ವರ್ಷ ಬೇಕಾಯಿತು, ಕ್ಷಮಿಸು. ಕೂದಲನ್ನು ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಒಂದೊಂದಾಗಿ ಒಳಗಿಡು. ಮೂಸಿ ನೋಡಬಹುದು, ನಾನೂ ನೋಡಿದೆ. ಕೊಬ್ಬರಿಎಣ್ಣೆಯ ವಾಸನೆ ಇನ್ನೂ ಒಂದಿಷ್ಟು ಇದೆ.

ಇನ್ನು ಹೊಟ್ಟೆಯ ವಿಷಯ. ಅವ್ವ ಕೌದಿ ಮುಗಿಸುವಾಗ, ಅಂಚಿನಿಂದ ಸುತ್ತಿ ಸುತ್ತಿ ಬಂದು ನಟ್ಟನಡುವಿನ ಕೊನೆಯ ತುಂಡು ಹೊಲಿಯುವ ಮುಂಚೆ, ಅದರ ಕೆಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳಲ್ಲ. "ಹೊಟ್ಟಿ ಹಸಿದ ಕೌದಿ ಹೊಚಗೊಂಡ್ರ ಮಲಗಿದವರಿಗೂ ಹಸಿವಿ ಆಗತೈತಿ" ಅನ್ನುತ್ತಿದ್ದಳು. ಸೂಜಿದಿಂಬಿಗೆ ರೊಟ್ಟಿ ಹಾಕಿದರೆ ಹುಳ ಬೀಳುತ್ತದೆ, ಜೋಳದ ಕಾಳಾದರೂ ನುಸಿ. ಬಹಳ ಯೋಚಿಸಿ ಅವ್ವನ ಎಲೆಅಡಿಕೆಯ ಸಂಚಿ ತೆಗೆದು ನೋಡಿದೆ. ಕಿರುಕಿಸೆಯಲ್ಲಿ ಎರಡು ಲವಂಗ ಉಳಿದಿದ್ದವು. ಅವಳ ಬಾಯಿಗೆ ಹೋಗಬೇಕಾದದ್ದು. ಹುಳವೂ 
ಹತ್ತಿರ ಬರುವುದಿಲ್ಲ. ಒಂದು ನಿನಗೆ, ಪೊಟ್ಟಣದ ಮೂಲೆಯಲ್ಲಿದೆ. ಬಾಯಿ ಮುಚ್ಚುವ ಮುಂಚೆ ಅದನ್ನು ಒಳಗೆ ಹಾಕು.

ಸೂಜಿಗೆ ದಾರ ಪೋಣಿಸಿಯೇ ಚುಚ್ಚಿದ್ದೇನೆ. ಹನ್ನೊಂದರಲ್ಲಿ ಎಲ್ಲಕ್ಕಿಂತ ಸಣ್ಣದು, ನಿನ್ನ ಕಸೂತಿಯದೇ ಇರಬೇಕು. ಎರಡು ಅಂಚನ್ನೂ ಒಳಗೆ ಮಡಚಿ, ಒಂದು ಟಾಕು ಈ ಕಡೆ, ಒಂದು ಆ ಕಡೆ ತೆಗೆದುಕೊಂಡು ಎಳೆ, ದಾರ ಕಾಣದ ಹಾಗೆ ಮುಚ್ಚಿಕೊಳ್ಳುತ್ತದೆ. ಹೊಲಿದ ಮೇಲೆ ಸೂಜಿಯನ್ನು ಅದರಲ್ಲೇ ಚುಚ್ಚಿಡು, ನೆಲದ ಮೇಲೆ ಬಿಡಬೇಡ. ಮುರಿದ ಅರ್ಧ ಸೂಜಿ ನನ್ನ ಹತ್ತಿರವೇ ಇದೆ.

ದಸರೆಗೆ ರಜೆ ಹಾಕು. ಮನೆಯ ಕೌದಿಗಳನ್ನೆಲ್ಲ ಒಗೆಯಬೇಕು, ಹೋದ ವರ್ಷ ಒಗೆದಿಲ್ಲ. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ನಿನಗೆ ಗೊತ್ತು. ಆ ತುದಿ ಹಿಡಿದು ಹಿಂಡಲು ಇನ್ನೊಬ್ಬರು ಬೇಕು.

ನಿನ್ನ
ಅಕ್ಕ